ಬೇರಿಗೆ ನೀರು: ಧ್ಯಾನ ಯಾಕೆ ಕಷ್ಟ, ಯಾಕೆ ಬಿಡಬಾರದು

ಯುವಜನರ ಕೂಟದಲ್ಲಿ ಕೊಟ್ಟ ಸಂದೇಶದ ಬರಹ ರೂಪ
ವಾಕ್ಯಭಾಗ: ಕೀರ್ತನೆ 1:1-3, ಯೆಹೋಶುವ 1:8, ಯೆರೆಮೀಯ 17:7-8

ಈ ಸಾಯಂಕಾಲ ಟ್ರಾಫಿಕ್ ದಾಟಿಕೊಂಡು, ಕೆಲವರು ಆಫೀಸಿಂದ ನೇರವಾಗಿ, ಊಟ ಕೂಡ ಮಾಡದೆ ಬಂದಿದ್ದೀರಿ. ನಿಮ್ಮ ಈ ಹಸಿವನ್ನು ದೇವರು ನೋಡುತ್ತಾರೆ. ಆಮೆನ್ ಅಲ್ವಾ?

ಕಳೆದ ಕೆಲವು ತಿಂಗಳಿಂದ ನಿಮ್ಮಲ್ಲಿ ಹಲವರು ಬೇರೆ ಬೇರೆ ಮಾತಿನಲ್ಲಿ ಒಂದೇ ವಿಷಯವನ್ನು ನನ್ನ ಹತ್ತಿರ ಹೇಳಿದ್ದೀರಿ. "ಪಾಸ್ಟರ್, ಭಾನುವಾರ ಆರಾಧನೆಯಲ್ಲಿ ಕಣ್ಣೀರು ಬರುತ್ತೆ, ಅಭಿಷೇಕ ಗೊತ್ತಾಗುತ್ತೆ. ಬುಧವಾರ ಬರೋಷ್ಟರಲ್ಲಿ ಎಲ್ಲಾ ಖಾಲಿ. ಗುರುವಾರ ನಾನು ನಿಜವಾಗಿ ವಿಶ್ವಾಸಿನೇನಾ ಅಂತ ನನಗೇ ಅನುಮಾನ." ಇದನ್ನು ಹೇಳಿದವರು ಸೋಮಾರಿಗಳಲ್ಲ. ಉಪವಾಸ ಪ್ರಾರ್ಥನೆಗೆ ಬರುವವರು, ಕ್ವಾಯರ್‌ನಲ್ಲಿ ಹಾಡುವವರು. ಅದಕ್ಕೇ ನಾನು ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಯಾಕಂದರೆ ಸಭೆ ಬಿಟ್ಟು ಹೋಗುವ ಯುವಕರು ಒಂದೇ ದಿನ ಜಗಳ ಮಾಡಿ ಹೋಗೋದು ಕಡಿಮೆ. ಒಳಗೆ ಒಣಗಿ ಒಣಗಿ, ಒಂದು ದಿನ ಬರೋದನ್ನೇ ನಿಲ್ಲಿಸುತ್ತಾರೆ. ಯಾರಿಗೂ ಗೊತ್ತೂ ಆಗಲ್ಲ.

ಹಾಗಾಗಿ ಈ ದಿನ ಧ್ಯಾನದ ಬಗ್ಗೆ ಮಾತಾಡೋಣ. ಕೀರ್ತನೆ 1 ತೆಗೆಯಿರಿ. ಮೊಬೈಲಲ್ಲಿ ತೆಗೆಯುವವರು ನೋಟಿಫಿಕೇಶನ್ ಆಫ್ ಮಾಡಿಯೇ ತೆಗೆಯಿರಿ!

ಧ್ಯಾನ ನಮ್ಮ ಮಾತೇ

"ಧ್ಯಾನ" ಅಂದ ತಕ್ಷಣ ನಮ್ಮಲ್ಲಿ ಕೆಲವರಿಗೆ ಇರುಸುಮುರುಸು. ಇದು ನಮ್ಮದಲ್ಲ, ಬೇರೆಯವರದ್ದು ಅಂತ. ಸ್ವಲ್ಪ ನಿಲ್ಲಿ. ನಿಮ್ಮ ಕೈಯಲ್ಲಿರುವ ಕನ್ನಡ ಸತ್ಯವೇದದಲ್ಲೇ ಆ ಪದ ಇದೆ. ಕೀರ್ತನೆ 1ರಲ್ಲಿ ಇದೆ, ಯೆಹೋಶುವ 1:8ರಲ್ಲಿ ಇದೆ, ಕೀರ್ತನೆ 119ರಲ್ಲಿ ಮತ್ತೆ ಮತ್ತೆ ಬರುತ್ತೆ. ದೇವರು ತನ್ನ ಜನರಿಗೆ ಕೊಟ್ಟ ಅಪ್ಪಣೆಯನ್ನು ನಾವು ಹೆದರಿ ಬಿಟ್ಟುಕೊಟ್ಟಿದ್ದೇವೆ, ಅಷ್ಟೇ.

ನಿಮ್ಮ ಆಫೀಸಿನಲ್ಲಿ ಯಾರಾದರೂ ಹತ್ತು ದಿನದ ವಿಪಶ್ಯನ ಶಿಬಿರಕ್ಕೆ ಹೋಗಿ ಬಂದಿರಬಹುದು. ಬೆಳಗ್ಗೆ 4 ಗಂಟೆಗೆ ಗಂಟೆ ಹೊಡೆಯುತ್ತಾರೆ, ದಿನಕ್ಕೆ ಸುಮಾರು ಹತ್ತು ಗಂಟೆ ಕೂರಬೇಕು, ಮಾತಿಲ್ಲ, ಫೋನ್ ಇಲ್ಲ. ಅವರ ದಾರಿ ಬೇರೆ, ನಮ್ಮ ನಂಬಿಕೆ ಬೇರೆ. ಅವರನ್ನು ಟೀಕೆ ಮಾಡೋಕೆ ನಾನು ಇಲ್ಲಿ ನಿಂತಿಲ್ಲ. ಆದರೆ ಒಂದು ಪ್ರಶ್ನೆ ಕೇಳುತ್ತೇನೆ. ಅವರು ಅಷ್ಟು ಹೊತ್ತು ಕೂರಬಲ್ಲರು. ಜೀವವುಳ್ಳ ದೇವರ ಮಾತು ನಮ್ಮ ಹತ್ತಿರ ಇದೆ ಅಂತ ಹೇಳುವ ನಾವು, ಹದಿನೈದು ನಿಮಿಷ ಕೂತರೆ ಕಾಲು ಜೋಮು ಹಿಡಿಯುತ್ತೆ. ಯಾಕೆ?

ಈಗ ಆ ಪದವನ್ನು ನೋಡೋಣ. ಕೀರ್ತನೆ 1:2ರಲ್ಲೂ ಯೆಹೋಶುವ 1:8ರಲ್ಲೂ ಹೀಬ್ರೂ ಭಾಷೆಯಲ್ಲಿ ಇರುವುದು "ಹಾಗಾ" ಅನ್ನುವ ಕ್ರಿಯಾಪದ. ನಮ್ಮ ಕನ್ನಡದ "ಹೌದಾ, ಹಾಗಾ?" ಅಲ್ಲ! (ನಗು) ಈ ಹಾಗಾ ಅಂದರೆ ಸಣ್ಣ ದನಿಯಲ್ಲಿ ಹೇಳಿಕೊಳ್ಳುವುದು, ಗುನುಗುವುದು, ಗೊಣಗುವುದು. ಇದೇ ಪದ ಇನ್ನೆಲ್ಲಿ ಬರುತ್ತೆ ಅಂತ ನೋಡಿದರೆ ಆಶ್ಚರ್ಯ ಆಗುತ್ತೆ. ಯೆಶಾಯ 31:4ರಲ್ಲಿ ಸಿಂಹ ತನ್ನ ಬೇಟೆಯ ಮೇಲೆ ಕೂತು ಗುರುಗುಟ್ಟುತ್ತದೆ. ಅಲ್ಲಿ ಇದೇ ಪದ. ಕುರುಬರೆಲ್ಲ ಸೇರಿ ಕೂಗಿದರೂ ಸಿಂಹ ಬೇಟೆಯನ್ನು ಬಿಟ್ಟು ಏಳೋದಿಲ್ಲ. ಯೆಶಾಯ 38:14ರಲ್ಲಿ ರೋಗದಿಂದ ಎದ್ದ ಹಿಜ್ಕೀಯ ಅರಸನು, ನಾನು ಪಾರಿವಾಳದ ಹಾಗೆ ನರಳಿದೆ ಅನ್ನುತ್ತಾನೆ. ಅಲ್ಲೂ ಇದೇ ಪದ. ಅಂದರೆ ಬೈಬಲಿನ ಧ್ಯಾನದಲ್ಲಿ ಸಿಂಹದ ಪಟ್ಟು ಇದೆ, ಪಾರಿವಾಳದ ನರಳಾಟವೂ ಇದೆ. ಎರಡನ್ನೂ ನೆನಪಿಡಿ.

ಯೆಹೋಶುವ 1:8ರಲ್ಲಿ ಇನ್ನೊಂದು ವಿಷಯ. ದೇವರು ಅಲ್ಲಿ ಮೊದಲು ಹೇಳೋದು ಬಾಯಿಯ ವಿಷಯ. ಧರ್ಮಶಾಸ್ತ್ರ ನಿನ್ನ ಬಾಯಿಂದ ದೂರ ಆಗಬಾರದು ಅಂತ. ಧ್ಯಾನ ಅಂದರೆ ಬರೀ ತಲೆಯಲ್ಲಿ ಯೋಚಿಸುವುದು ಅಂತ ನಾವು ಅಂದುಕೊಂಡಿದ್ದೇವೆ. ಅವರಿಗೆ ಅದು ತುಟಿಯ ಕೆಲಸ, ನಾಲಿಗೆಯ ಕೆಲಸ. ಮತ್ತೆ ಯೆಹೋಶುವನ ಪರಿಸ್ಥಿತಿ ನೋಡಿ. ಮೋಶೆ ತೀರಿಕೊಂಡಿದ್ದಾನೆ. ಮುಂದೆ ಯೊರ್ದನ್ ಹೊಳೆ, ಆಚೆ ಕಡೆ ಯುದ್ಧ, ಹಿಂದೆ ಇಡೀ ಇಸ್ರಾಯೇಲ್. ಹೊಸದಾಗಿ ಟೀಮ್ ಲೀಡ್ ಆದವನಿಗಿಂತ ಎಷ್ಟೋ ಪಾಲು ಹೆಚ್ಚು ಒತ್ತಡ. ಅಂಥವನಿಗೆ ದೇವರು, "ಈಗ ಬಿಜಿ ಇದ್ದೀಯ, ಕಾನಾನ್ ಗೆದ್ದಮೇಲೆ ಧ್ಯಾನ ಮಾಡು" ಅನ್ನಲಿಲ್ಲ. ಗೆಲ್ಲೋಕೆ ಮುಂಚೆಯೇ ಹೇಳಿದರು.

ಮೆಲುಕು

ನಮ್ಮ ಕನ್ನಡದಲ್ಲಿ ಇದಕ್ಕೆ ಒಂದು ಒಳ್ಳೇ ಮಾತಿದೆ. ಮೆಲುಕು ಹಾಕೋದು. ಊರಿನಿಂದ ಬಂದವರಿಗೆ ಗೊತ್ತು. ಹಸು ಹೊಲದಲ್ಲಿ ಗಬಗಬ ಮೇಯುತ್ತೆ. ಆಗ ಸರಿಯಾಗಿ ಅಗಿಯೋದೇ ಇಲ್ಲ. ಆಮೇಲೆ ನೆರಳಲ್ಲಿ ಮಲಗಿ, ನುಂಗಿದ್ದನ್ನು ಸ್ವಲ್ಪ ಸ್ವಲ್ಪವೇ ಬಾಯಿಗೆ ತಂದು ನಿಧಾನವಾಗಿ ಅಗಿಯುತ್ತೆ. ದಿನಕ್ಕೆ ಏಳೆಂಟು ಗಂಟೆ ಅದೇ ಕೆಲಸ. ಆ ಮೆಲುಕು ಇಲ್ಲದಿದ್ದರೆ ಎಷ್ಟು ಮೇದರೂ ಮೈಗೆ ಹತ್ತಲ್ಲ, ಹಾಲೂ ಇಳಿಯಲ್ಲ. ಹಸು ಮೆಲುಕು ಹಾಕ್ತಿಲ್ಲ ಅಂದರೆ ಮನೆಯವರು ತಕ್ಷಣ ಡಾಕ್ಟರನ್ನು ಕರೀತಾರೆ.

ನಾವು ಮೇಯುವುದರಲ್ಲಿ ಕಡಿಮೆ ಇಲ್ಲ, ಪ್ರಿಯರೇ. ಬೆಳಗ್ಗೆ ಒಂದು ವಾಗ್ದಾನದ ಸ್ಟೇಟಸ್, ಬಸ್ಸಲ್ಲಿ ಯೂಟ್ಯೂಬ್ ಸಂದೇಶ, ಮಧ್ಯಾಹ್ನ ಒಂದು ರೀಲ್, ರಾತ್ರಿ ಇನ್ನೊಂದು ಪಾಡ್‌ಕಾಸ್ಟ್. ನಮ್ಮ ಅಜ್ಜ ಅಜ್ಜಿ ಒಂದು ವರ್ಷದಲ್ಲಿ ಕೇಳದಷ್ಟು ಪ್ರಸಂಗವನ್ನು ನಾವು ಒಂದು ತಿಂಗಳಲ್ಲಿ ಕೇಳುತ್ತೇವೆ. ಆದರೂ ಬುಧವಾರಕ್ಕೆ ಖಾಲಿ. ಕಾರಣ ಸರಳ. ಮೇವು ಸಾಕಷ್ಟಿದೆ, ಮೆಲುಕು ಇಲ್ಲ.

ಕಷ್ಟಗಳನ್ನು ಮೊದಲೇ ಹೇಳಿಬಿಡುತ್ತೇನೆ

ಸಾಮಾನ್ಯವಾಗಿ ನಾವು ಆಶೀರ್ವಾದದ ಪಟ್ಟಿಯನ್ನು ಮೊದಲು ಕೊಡುತ್ತೇವೆ. ಈ ದಿನ ಕಷ್ಟದಿಂದ ಶುರು ಮಾಡ್ತೀನಿ. ಕಷ್ಟ ಬರುತ್ತೆ ಅಂತ ಗೊತ್ತಿಲ್ಲದವನು, ಅದು ಬಂದಾಗ "ನನ್ನಲ್ಲೇ ಏನೋ ದೋಷ ಇದೆ" ಅಂತ ತಿಳಿದು ಬಿಟ್ಟುಬಿಡುತ್ತಾನೆ.

ಮೊದಲನೆಯದು, ಮನಸ್ಸಿನ ಓಟ. ವಾಕ್ಯ ಓದಿ ಕಣ್ಣು ಮುಚ್ಚಿದಿರಿ. ಎರಡನೇ ನಿಮಿಷಕ್ಕೆ ಕ್ರೆಡಿಟ್ ಕಾರ್ಡ್ ಬಿಲ್. ಮೂರನೇ ನಿಮಿಷಕ್ಕೆ ಮ್ಯಾನೇಜರ್ ಹೇಳಿದ ಮಾತು. ಐದನೇ ನಿಮಿಷಕ್ಕೆ, ಆ ಮಾತಿಗೆ ನೀವು ಕೊಡಬೇಕಿದ್ದ ಉತ್ತರ! ಆಗ ಸೈತಾನನು ಬಂದು ಹೇಳುತ್ತಾನೆ, ನಿನ್ನ ಕೈಲಿ ಆಗಲ್ಲ ಅಂತ. ಅವನ ಮಾತು ನಂಬಬೇಡಿ. ಮನಸ್ಸು ಓಡಿದ್ದು ನಿಮಗೆ ಗೊತ್ತಾಯಿತಲ್ಲ, ಅಲ್ಲಿಂದಲೇ ವಾಪಸ್ ಬನ್ನಿ. ಬಾಯಿ ತೆರೆದು ಆ ವಾಕ್ಯವನ್ನು ಮತ್ತೆ ಹೇಳಿ. ಇಪ್ಪತ್ತು ಸಲ ಓಡಿದರೆ ಇಪ್ಪತ್ತು ಸಲ ವಾಪಸ್ ಬನ್ನಿ. ಆ ಇಪ್ಪತ್ತು ವಾಪಸಾತಿಯೇ ಆ ದಿನದ ನಿಮ್ಮ ಧ್ಯಾನ. ಪ್ರತಿ ಸಲ ತಿರುಗಿ ಬಂದಾಗ ತಂದೆಯ ಕಡೆಗೇ ತಿರುಗಿದ್ದೀರಿ.

ಎರಡನೆಯದು, ನಿದ್ದೆ. ನಗಬೇಡಿ, ಇದು ನಿಜವಾದ ಸಮಸ್ಯೆ. ಗೆತ್ಸೇಮನೆಯಲ್ಲಿ ಮೂವರು ಶಿಷ್ಯರು ಯೇಸುಸ್ವಾಮಿ ಪಕ್ಕದಲ್ಲಿದ್ದಾಗಲೇ ನಿದ್ದೆ ಮಾಡಿದರು. ಯೇಸುಸ್ವಾಮಿ ಅವರನ್ನು ಎಬ್ಬಿಸಿದರು, ಎಚ್ಚರಿಸಿದರು. ಆದರೆ ದೇಹಕ್ಕೆ ಬಲ ಸಾಲದು ಅನ್ನೋದನ್ನೂ ಒಪ್ಪಿಕೊಂಡರು. ನೈಟ್ ಶಿಫ್ಟ್ ಮಾಡಿ ಬೆಳಗ್ಗೆ 7ಕ್ಕೆ ಪಿಜಿಗೆ ಬರುವ ತಮ್ಮನಿಗೆ, "ಬೆಳಗ್ಗೆ 5ಕ್ಕೇ ಎದ್ದು ಧ್ಯಾನ ಮಾಡು, ಇಲ್ಲದಿದ್ದರೆ ನಿನಗೆ ವಿಶ್ವಾಸ ಇಲ್ಲ" ಅಂತ ನಾನು ಹೇಳಲ್ಲ. ಮಲಗಿ, ನಿದ್ದೆ ಮಾಡಿ, ಎದ್ದು ಮುಖ ತೊಳೆದು ಕೂತುಕೊಳ್ಳಿ. ಕೂತರೆ ತೂಕಡಿಕೆ ಬಂದರೆ ನಿಂತುಕೊಂಡು ಮಾಡಿ, ಟೆರೇಸಲ್ಲಿ ನಡೆಯುತ್ತಾ ಮಾಡಿ.

ಮೂರನೆಯದು, ಬೇಸರ, ಒಣಗು. ಇದೇ ಬಹಳ ಜನರನ್ನು ಬೀಳಿಸೋದು. ಮೊದಲ ವಾರ ಚೆನ್ನಾಗಿರುತ್ತೆ. ಮೂರನೇ ವಾರ ಏನೂ ಅನಿಸೋದಿಲ್ಲ. ವಾಕ್ಯ ಮರದ ತುಂಡು ಅಗಿದ ಹಾಗೆ. 4ನೇ ಶತಮಾನದಲ್ಲಿ ಈಜಿಪ್ಟಿನ ಮರಳುಗಾಡಿನಲ್ಲಿ ಎವಾಗ್ರಿಯಸ್ ಅನ್ನುವ ಒಬ್ಬ ದೇವಭಕ್ತರಿದ್ದರು. ತೀರಿಕೊಂಡದ್ದು 399ರಲ್ಲಿ. ಒಂಟಿಯಾಗಿ ಕೂತು ವಾಕ್ಯ ಧ್ಯಾನಿಸುವವರಿಗೆ ನಡು ಮಧ್ಯಾಹ್ನ ಬರುವ ಬೇಸರದ ಬಗ್ಗೆ ಅವರು ಬರೆದಿದ್ದಾರೆ. ಕೀರ್ತನೆ 91:6ರಲ್ಲಿ ಹೇಳಿರುವ ಮಧ್ಯಾಹ್ನದ ಕೇಡು ಇದೇ ಅಂತ ಅವರು ತಿಳಿದಿದ್ದರು. ಅದು ಬಂದಾಗ ಏನಾಗುತ್ತೆ? ದಿನಕ್ಕೆ 50 ಗಂಟೆ ಇದ್ದ ಹಾಗೆ ಅನಿಸುತ್ತೆ. ಸೂರ್ಯ ಎಷ್ಟು ಇಳಿದಿದೆ ಅಂತ ಮತ್ತೆ ಮತ್ತೆ ಕಿಟಕಿ ಕಡೆ ನೋಡ್ತಾರೆ. ಯಾರಾದರೂ ಬರ್ತಾ ಇದ್ದಾರಾ ಅಂತ ಹೊರಗೆ ಇಣುಕಿ ನೋಡ್ತಾರೆ. ಈ ಜಾಗವೇ ಸರಿ ಇಲ್ಲ, ಬೇರೆ ಕಡೆ ಹೋದರೆ ದೇವರನ್ನು ಇನ್ನೂ ಚೆನ್ನಾಗಿ ಸೇವಿಸಬಹುದು ಅಂತ ಅನಿಸುತ್ತೆ.

ಕೇಳಿದ ಹಾಗೆ ಇದೆಯಾ? ಸೂರ್ಯನ ಬದಲು ಮೊಬೈಲಲ್ಲಿ ಟೈಮ್ ನೋಡ್ತೀವಿ. ಕಿಟಕಿಯಿಂದ ಇಣುಕುವ ಬದಲು ವಾಟ್ಸಾಪ್ ತೆಗೀತೀವಿ. ಈ ಸಭೆ ಸರಿ ಇಲ್ಲ, ಬೇರೆ ಸಭೆಗೆ ಹೋದರೆ ಅಭಿಷೇಕ ಜಾಸ್ತಿ ಅಂತೀವಿ. 1,600 ವರ್ಷದ ಹಿಂದೆ, ಫೋನ್ ಇಲ್ಲದ ಮರಳುಗಾಡಿನಲ್ಲಿ ಅದೇ ಹೋರಾಟ. ಅಂದರೆ ಫೋನ್ ಇದನ್ನು ಹೆಚ್ಚು ಮಾಡಿರಬಹುದು, ಆದರೆ ಬೇರು ನಮ್ಮ ಹೃದಯದಲ್ಲೇ ಇದೆ. ಎವಾಗ್ರಿಯಸ್ ಹೇಳಿದ ಒಂದು ಮದ್ದು: ಆ ಹೊತ್ತಿನಲ್ಲಿ ಜಾಗ ಬಿಟ್ಟು ಏಳಬೇಡ. ಈ ಹೋರಾಟ ದಾಟಿದವನಿಗೆ ಆಮೇಲೆ ಆಳವಾದ ಸಮಾಧಾನ ಬರುತ್ತೆ ಅಂತಲೂ ಅವರು ಬರೆದಿದ್ದಾರೆ. ಬೇಟೆ ಬಿಟ್ಟು ಏಳದ ಸಿಂಹವನ್ನು ನೆನಪಿಡಿ ಅಂದೆನಲ್ಲ, ಅದು ಇಲ್ಲಿಗೇ.

ನಾಲ್ಕನೆಯದು, ಒಳಗಿರುವುದು ಮೇಲೆ ಬರುವುದು. ಇದನ್ನು ಯಾರೂ ಮೊದಲೇ ಹೇಳೋದಿಲ್ಲ. ಸದ್ದು ನಿಂತಾಗ, ನಾವು ಸದ್ದಿನ ಕೆಳಗೆ ಮುಚ್ಚಿಟ್ಟದ್ದು ಕೇಳಿಸುತ್ತೆ. ಅಪ್ಪ ಹೊಡೆದದ್ದು, ಮುರಿದ ಸಂಬಂಧ, ಕ್ಷಮಿಸದ ಹೆಸರು, ಭಯ. ಕೀರ್ತನೆ 77ರಲ್ಲಿ ಆಸಾಫನಿಗೆ ಆದದ್ದು ಇದೇ. ರಾತ್ರಿಯಲ್ಲಿ ದೇವರನ್ನು ನೆನೆಸಿಕೊಂಡರೆ ಅವನಿಗೆ ನೆಮ್ಮದಿ ಬರಲಿಲ್ಲ, ನರಳಾಟ ಬಂತು. ನಿದ್ದೆ ಹೋಯಿತು. ದೇವರು ನನ್ನನ್ನು ಮರೆತರಾ ಅಂತ ಕೇಳಿದ. ಪರಿಶುದ್ಧ ಗ್ರಂಥದಲ್ಲೇ ಈ ಪ್ರಶ್ನೆ ಇದೆ, ದೇವರು ಅದನ್ನು ಅಳಿಸಲಿಲ್ಲ. ಆಮೇಲೆ ಅದೇ ಕೀರ್ತನೆಯ ಮಧ್ಯದಲ್ಲಿ ಅವನು ದೇವರು ಹಿಂದೆ ಮಾಡಿದ ಕಾರ್ಯಗಳ ಕಡೆ ಮನಸ್ಸು ತಿರುಗಿಸುತ್ತಾನೆ. ಸಮುದ್ರದಲ್ಲಿ ದಾರಿ ಮಾಡಿದ್ದನ್ನು ನೆನೆಸುತ್ತಾನೆ. ಇದು ಪಾರಿವಾಳದ ಧ್ಯಾನ. ನರಳುತ್ತಾ ನರಳುತ್ತಾ ದೇವರ ಕಡೆ ಮುಖ ಮಾಡೋದು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಮೌನದಲ್ಲಿ ಕೂತಾಗ ಮೇಲೆ ಬರುವ ನೋವು ನಿಮ್ಮ ಕೈ ಮೀರಿ ಹೋದರೆ, ವಾರಗಟ್ಟಲೆ ನಿದ್ದೆ ಇಲ್ಲದಿದ್ದರೆ, ಬದುಕೋದೇ ಬೇಡ ಅನ್ನೋ ಯೋಚನೆ ಬಂದರೆ, ಒಬ್ಬರೇ ಕೂತು ಧ್ಯಾನ ಮಾಡಿ ಸರಿಮಾಡಿಕೊಳ್ಳಿ ಅಂತ ನಾನು ಹೇಳ್ತಿಲ್ಲ. 1 ಅರಸುಗಳು 19ರಲ್ಲಿ ಎಲೀಯನು ಸಾಯಬೇಕು ಅಂತ ಕೇಳಿಕೊಂಡಾಗ, ದೇವದೂತನು ಮೊದಲು ಪ್ರಸಂಗ ಮಾಡಲಿಲ್ಲ. ಮಲಗಿದ್ದವನನ್ನು ತಟ್ಟಿ ರೊಟ್ಟಿ ಕೊಟ್ಟ, ನೀರು ಕೊಟ್ಟ. ಮತ್ತೆ ಮಲಗಿದ, ಮತ್ತೆ ಊಟ ಕೊಟ್ಟ. ಹೋರೇಬಿನ ಸಣ್ಣ ಸ್ವರ ಬಂದದ್ದು ಅದಾದ 40 ದಿನದ ಮೇಲೆ. ನಮ್ಮ ಊರಲ್ಲೇ ನಿಮ್ಹಾನ್ಸ್ ಇದೆ. ಸರ್ಕಾರದ ಟೆಲಿ ಮಾನಸ್ ನಂಬರ್ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬರೆದುಕೊಳ್ಳಿ. ಡಾಕ್ಟರ್ ಹತ್ತಿರ ಹೋಗೋದು ಅವಿಶ್ವಾಸ ಅಲ್ಲ. ಮಾತ್ರೆ ತಗೊಳ್ಳುವ ತಂಗಿಯನ್ನು ಈ ಸಭೆಯಲ್ಲಿ ಯಾರೂ ಕೀಳಾಗಿ ನೋಡಬಾರದು. ಎಲ್ಲರೂ ಆಮೆನ್ ಹೇಳಿ. (ಸಭೆ: ಆಮೆನ್)

ಬೆಂಕಿ ಮತ್ತು ತಾಳ್ಮೆ

ಈಗ ಕೆಲವರ ಮನಸ್ಸಲ್ಲಿ ಒಂದು ಪ್ರಶ್ನೆ ಇರುತ್ತೆ. "ಪಾಸ್ಟರ್, ನಾವು ಪೆಂತೆಕೊಸ್ತ್‌ನವರು. ನಮಗೆ ಬೆಂಕಿ ಬೇಕು. ಸುಮ್ಮನೆ ಕೂರೋದು ನಮ್ಮ ರೀತಿ ಅಲ್ಲ."

ಪಂಡಿತಾ ರಮಾಬಾಯಿ ಅವರ ಹೆಸರು ಕೇಳಿದ್ದೀರಾ? 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು. ಮುಂದೆ ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ವಿಧವೆಯರಿಗೆ, ಅನಾಥ ಹೆಣ್ಣುಮಕ್ಕಳಿಗೆ ಮುಕ್ತಿ ಮಿಷನ್ ಕಟ್ಟಿದರು. 1905ರಲ್ಲಿ ಅಲ್ಲಿ ದೊಡ್ಡ ಉಜ್ಜೀವನ ಆಯಿತು. ಭಾರತದ ಪೆಂತೆಕೊಸ್ತ್ ಚರಿತ್ರೆ ಓದುವವರೆಲ್ಲ ಆ ಜಾಗದ ಹೆಸರು ಹೇಳುತ್ತಾರೆ. ಆದರೆ ಅದೇ ರಮಾಬಾಯಿ ಅದೇ ಜಾಗದಲ್ಲಿ ಇನ್ನೊಂದು ಕೆಲಸ ಮಾಡುತ್ತಿದ್ದರು. ಹೀಬ್ರೂ, ಗ್ರೀಕ್ ಕಲಿತು, ಇಡೀ ಸತ್ಯವೇದವನ್ನು ಸಾಮಾನ್ಯ ಹೆಂಗಸರಿಗೆ ಅರ್ಥವಾಗುವ ಮರಾಠಿಗೆ ತರುವ ಕೆಲಸ. ವರ್ಷಗಟ್ಟಲೆ, ಪದ ಪದವಾಗಿ. 1922ರಲ್ಲಿ ತೀರಿಕೊಳ್ಳುವುದಕ್ಕೆ ಸ್ವಲ್ಪ ಮುಂಚೆ ಅದನ್ನು ಮುಗಿಸಿದರು. ಒಂದೇ ಕಾಂಪೌಂಡಿನ ಒಳಗೆ ಬೆಂಕಿಯೂ ಇತ್ತು, ಪ್ರತಿ ಪದವನ್ನು ಮೆಲುಕು ಹಾಕುವ ತಾಳ್ಮೆಯೂ ಇತ್ತು. ಪವಿತ್ರಾತ್ಮನಿಗೆ ಎರಡೂ ಬರುತ್ತೆ, ದೇವಜನರೇ. ನಮಗೆ ಒಂದೇ ಗೊತ್ತಿದ್ದರೆ ಕಲಿಯಬೇಕಾದವರು ನಾವು.

ಪ್ರತಿಫಲ

ಹಾಗಾದರೆ ಇಷ್ಟು ಕಷ್ಟಪಟ್ಟರೆ ಸಿಗೋದೇನು?

ಒಂದು, ನಿಮ್ಮ ಪ್ರಾರ್ಥನೆಗೆ ಇಂಧನ ಸಿಗುತ್ತೆ. ಜಾರ್ಜ್ ಮುಲ್ಲರ್ ಅವರ ಕಥೆ ನಾವು ಸಂಡೇ ಸ್ಕೂಲಲ್ಲೇ ಕೇಳಿದ್ದೇವೆ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಯಾರ ಹತ್ತಿರವೂ ಹಣ ಕೇಳದೆ, ಪ್ರಾರ್ಥನೆಯಿಂದಲೇ 10,000ಕ್ಕೂ ಹೆಚ್ಚು ಅನಾಥ ಮಕ್ಕಳನ್ನು ನೋಡಿಕೊಂಡವರು. 1841ರಲ್ಲಿ ಅವರು ಬರೆದಿಟ್ಟ ಒಂದು ಸಂಗತಿ ನಮಗೆ ಅಷ್ಟಾಗಿ ಗೊತ್ತಿಲ್ಲ. ಅದಕ್ಕೆ ಮೊದಲು ಹತ್ತು ವರ್ಷ ಅವರು ಬೆಳಗ್ಗೆ ಎದ್ದು ನೇರವಾಗಿ ಪ್ರಾರ್ಥನೆಗೆ ಕೂರುತ್ತಿದ್ದರು. ಎಷ್ಟೋ ದಿನ ಹತ್ತು ನಿಮಿಷ, ಕಾಲು ಗಂಟೆ, ಕೆಲವು ಸಲ ಅರ್ಧ ಗಂಟೆ ಮನಸ್ಸು ಅಲೆದಾಡಿದ ಮೇಲೇ ನಿಜವಾದ ಪ್ರಾರ್ಥನೆ ಶುರುವಾಗುತ್ತಿತ್ತು. ಕೇಳಿದ್ರಾ? ಜಾರ್ಜ್ ಮುಲ್ಲರ್‌ಗೂ ಮನಸ್ಸು ಓಡ್ತಿತ್ತು! ಆಮೇಲೆ ಅವರು ಕ್ರಮ ಬದಲಾಯಿಸಿದರು. ಮೊದಲು ಹೊಸ ಒಡಂಬಡಿಕೆಯ ಸ್ವಲ್ಪ ಭಾಗ ಓದಿ, ಒಂದೊಂದೇ ವಚನವನ್ನು ಧ್ಯಾನಿಸೋದು. ಇನ್ನೊಬ್ಬರಿಗೆ ಪ್ರಸಂಗ ಮಾಡೋದಕ್ಕಲ್ಲ, ತಮ್ಮ ಆತ್ಮಕ್ಕೆ ಆಹಾರಕ್ಕಾಗಿ. ಕೆಲವೇ ನಿಮಿಷದಲ್ಲಿ ಅದು ತಾನಾಗಿಯೇ ಪಾಪದ ಅರಿಕೆ ಆಗ್ತಿತ್ತು, ಇಲ್ಲ ಸ್ತೋತ್ರ ಆಗ್ತಿತ್ತು, ಇಲ್ಲ ಯಾರಿಗೋಸ್ಕರವೋ ಬೇಡಿಕೆ ಆಗ್ತಿತ್ತು. ಪ್ರಾರ್ಥನೆ ಬರ್ತಿಲ್ಲ ಅನ್ನುವವರು ಈ ಕ್ರಮವನ್ನು ನಾಳೆಯೇ ಮಾಡಿ ನೋಡಿ.

ಎರಡು, ಬೇಕಾದ ಗಳಿಗೆಯಲ್ಲಿ ವಾಕ್ಯ ಬಾಯಿಗೆ ಬರುತ್ತೆ. ಮತ್ತಾಯ 4. ಯೇಸುಸ್ವಾಮಿ 40 ದಿನ ಉಪವಾಸ ಇದ್ದಾರೆ. ಅಡವಿ, ಒಂಟಿತನ, ಹಸಿವು. ಸೈತಾನನು ಮೂರು ಸಲ ಬಂದ. ಮೂರು ಸಲವೂ ಯೇಸುಸ್ವಾಮಿ ಉತ್ತರ ಕೊಟ್ಟದ್ದು ಧರ್ಮೋಪದೇಶಕಾಂಡದಿಂದ. ಒಂದು 8ನೇ ಅಧ್ಯಾಯದಿಂದ, ಎರಡು 6ನೇ ಅಧ್ಯಾಯದಿಂದ. ಆ ಅಡವಿಯಲ್ಲಿ ಅವರ ಕೈಯಲ್ಲಿ ಸುರುಳಿ ಇರಲಿಲ್ಲ, ಸರ್ಚ್ ಮಾಡೋಕೆ ಆ್ಯಪ್ ಇರಲಿಲ್ಲ. ಎಲ್ಲವೂ ಒಳಗೆ ಇತ್ತು. ಯೋಹಾನ 14:26ರಲ್ಲಿ ಅದೇ ಯೇಸುಸ್ವಾಮಿ, ಪವಿತ್ರಾತ್ಮನು ನನ್ನ ಮಾತುಗಳನ್ನು ನಿಮ್ಮ ನೆನಪಿಗೆ ತರುವನು ಅಂತ ವಾಗ್ದಾನ ಮಾಡಿದ್ದಾರೆ. ಗಮನಿಸಿ, ನೆನಪಿಗೆ ತರೋದು. ಒಮ್ಮೆ ಒಳಗೆ ಹೋಗಿದ್ದರೆ ತಾನೇ ನೆನಪಿಗೆ ಬರೋದು? ಬಿತ್ತದ ಹೊಲಕ್ಕೆ ಮಳೆ ಬಿದ್ದರೆ ಕಳೆ ಬೆಳೆಯುತ್ತೆ.

ನಮ್ಮ ಸಭೆಯ ಒಬ್ಬ ತಂಗಿ, ಅವರ ಒಪ್ಪಿಗೆ ತಗೊಂಡೇ ಹೇಳ್ತಿದ್ದೀನಿ. ಕೆಲಸಕ್ಕೆ ಹೋಗುವ ಮೆಟ್ರೋದಲ್ಲಿ ಮೂರು ತಿಂಗಳು ಕೀರ್ತನೆ 121 ಒಂದನ್ನೇ ಮೆಲುಕು ಹಾಕಿದರು. ಎಂಟೇ ವಚನ. "ಪಾಸ್ಟರ್, ಏನೂ ಅನಿಸ್ತಿಲ್ಲ, ಬೇರೆ ತಗೊಳ್ಳಲಾ?" ಅಂತ ಎರಡು ಸಲ ಕೇಳಿದ್ದರು. ಇನ್ನೂ ಸ್ವಲ್ಪ ಇರಿ ಅಂದೆ. ಒಂದು ರಾತ್ರಿ ಅವರ ತಂದೆಗೆ ಸ್ಟ್ರೋಕ್ ಆಯಿತು. ಆಸ್ಪತ್ರೆಯ ಕಾರಿಡಾರಲ್ಲಿ ರಾತ್ರಿ ಎರಡು ಗಂಟೆಗೆ ಒಬ್ಬರೇ ನಿಂತಿದ್ದರು. ಪ್ರಾರ್ಥನೆ ಮಾಡೋಕೆ ಬಾಯಿ ಬರಲಿಲ್ಲ, ಅನ್ಯಭಾಷೆಯೂ ಬರಲಿಲ್ಲ, ಅಳುವೂ ಬರಲಿಲ್ಲ. ಆಗ ಆ ಕೀರ್ತನೆ ತಾನಾಗಿಯೇ ತುಟಿಗೆ ಬಂತು. ನಿದ್ದೆ ಮಾಡದೆ ಕಾಯುವ ದೇವರ ಕೀರ್ತನೆ ಅದು, ನಿಮಗೆ ಗೊತ್ತು. ಬೆಳಗಾಗೋವರೆಗೂ ಅದನ್ನೇ ಹೇಳಿಕೊಂಡರು. ಅವರ ತಂದೆಗೆ ಇವತ್ತಿಗೂ ಬಲಗೈ ಪೂರ್ತಿ ಬಂದಿಲ್ಲ. ನಾವು ಇನ್ನೂ ಪ್ರಾರ್ಥಿಸುತ್ತಿದ್ದೇವೆ. ಆದರೆ ಆ ತಂಗಿ ಹೇಳೋದು ಇಷ್ಟು: "ಆ ರಾತ್ರಿ ನಾನು ಒಬ್ಬಳೇ ಇರಲಿಲ್ಲ, ಪಾಸ್ಟರ್. ಅದು ನನಗೆ ಗೊತ್ತು." ಮೂರು ತಿಂಗಳು ಏನೂ ಅನಿಸದ ಧ್ಯಾನ ಎಲ್ಲಿಗೆ ಹೋಗಿ ಸೇರಿತ್ತು ಅಂತ ಈಗ ಅರ್ಥ ಆಯಿತಾ?

ಮೂರು, ಮತ್ತು ಇದೇ ನನ್ನ ಮುಖ್ಯ ಮಾತು. ಯೆರೆಮೀಯ 17:8 ತೆಗೆಯಿರಿ. ಕೀರ್ತನೆ 1ರ ಅದೇ ಮರ ಇಲ್ಲೂ ಇದೆ. ಆದರೆ ಯೆರೆಮೀಯ ಒಂದು ವಿಷಯ ಸೇರಿಸುತ್ತಾನೆ. ಬಿಸಿಲು ಬರುತ್ತೆ. ಬರಗಾಲದ ವರ್ಷ ಬರುತ್ತೆ. ನೀರಿನ ಪಕ್ಕದ ಮರಕ್ಕೂ ಬರುತ್ತೆ! ಆ ಮರದ ವಿಶೇಷ ಏನಂದರೆ, ಆಗಲೂ ಅದರ ಎಲೆ ಹಸಿರು, ಅದಕ್ಕೆ ಚಿಂತೆ ಇಲ್ಲ, ಫಲ ಕೊಡೋದನ್ನು ನಿಲ್ಲಿಸಲ್ಲ. ಮಳೆಗಾಲದಲ್ಲಿ ಎಲ್ಲಾ ಮರವೂ ಹಸಿರೇ. ನೀರಿನ ಪಕ್ಕದ ಮರ ಯಾವುದು, ಒಣ ನೆಲದ ಮರ ಯಾವುದು ಅಂತ ಏಪ್ರಿಲಲ್ಲಿ ನೋಡಿದರೆ ಗೊತ್ತಾಗುತ್ತೆ.

ಭಾನುವಾರದ ಆರಾಧನೆ ನಮಗೆ ಮಳೆ. ಮಳೆ ಬೇಕು, ದೇವರು ಕೊಡುವ ಮಳೆಗೆ ಸ್ತೋತ್ರ. ಆದರೆ ಮಳೆಯನ್ನೇ ನಂಬಿದ ಗಿಡ ಬುಧವಾರಕ್ಕೆ ಬಾಡುತ್ತೆ. ಧ್ಯಾನ ಬೇರನ್ನು ನೀರಿನ ಕಡೆಗೆ ಕಳಿಸೋ ಕೆಲಸ. ಬೇರು ಬೆಳೆಯೋದು ಮಣ್ಣಿನ ಕೆಳಗೆ, ಕತ್ತಲಲ್ಲಿ. ಯಾರೂ ಫೋಟೋ ತೆಗೆಯಲ್ಲ, ಲೈಕ್ ಬರಲ್ಲ, ಎಷ್ಟೋ ಸಲ ಮರಕ್ಕೇ ಗೊತ್ತಾಗಲ್ಲ. ಅದಕ್ಕೇ ಹೇಳ್ತೀನಿ, "ಇವತ್ತು ಧ್ಯಾನದಲ್ಲಿ ಏನು ಅನಿಸಿತು?" ಅಂತ ನಿಮ್ಮ ಧ್ಯಾನವನ್ನು ಅಳೆಯಬೇಡಿ. ಲೇಆಫ್ ಮೇಲ್ ಬಂದ ದಿನ ಅಳೆಯಿರಿ. ಮದುವೆ ಮಾತು ಮುರಿದ ದಿನ ಅಳೆಯಿರಿ. ಮನೆಯವರ ಗ್ರೂಪಲ್ಲಿ ಯಾರೋ ಚುಚ್ಚಿದಾಗ, ಬೆರಳು ಟೈಪ್ ಮಾಡೋಕೆ ಹೋಗಿ ಒಂದು ಕ್ಷಣ ನಿಂತಿತಲ್ಲ, ಅಲ್ಲಿ ಅಳೆಯಿರಿ. ಕೀರ್ತನೆ 1 ಫಲದ ಬಗ್ಗೆ ಹೇಳುವಾಗ ತಕ್ಕ ಕಾಲದಲ್ಲಿ ಅಂತ ಹೇಳುತ್ತೆ. ದಿನಾ ಬೆಳಗ್ಗೆ ಎದ್ದು ಕೊಂಬೆಯಲ್ಲಿ ಹಣ್ಣು ಹುಡುಕಬೇಡಿ. ನೀರು ಹಾಕಿ.

ನಾಳೆ ಬೆಳಗ್ಗೆ ಹೇಗೆ ಶುರು ಮಾಡೋದು

ಐದು ಮಾತು. ಬರೆದುಕೊಳ್ಳಿ.

1. ಸಣ್ಣ ಭಾಗ ತಗೊಳ್ಳಿ, ಬಹಳ ದಿನ ಇಟ್ಟುಕೊಳ್ಳಿ. ಕೀರ್ತನೆ 1, 23, 121, ಇವುಗಳಲ್ಲಿ ಒಂದು. ಕನಿಷ್ಠ ಎರಡು ವಾರ ಅದೇ. ವರ್ಷಕ್ಕೊಮ್ಮೆ ಬೈಬಲ್ ಓದಿ ಮುಗಿಸುವವರು ಅದನ್ನೂ ಮಾಡಿ, ಅದು ಮೇಯೋದು. ಇದು ಮೆಲುಕು.

2. ಹದಿನೈದು ನಿಮಿಷ, ಒಂದೇ ಜಾಗ, ಒಂದೇ ಹೊತ್ತು. ಮೊದಲ ದಿನವೇ ಒಂದು ಗಂಟೆ ಅಂತ ಹರಕೆ ಹೊರಬೇಡಿ. ಪಿಜಿಯಲ್ಲಿ ಮೂವರ ರೂಮಿದ್ದರೆ ಟೆರೇಸ್, ಮೆಟ್ಟಿಲು, ಬೈಕ್ ಪಾರ್ಕಿಂಗ್, ಯಾವುದಾದರೂ ಸರಿ. ಫೋನ್ ಇನ್ನೊಂದು ಕೋಣೆಯಲ್ಲಿರಲಿ. ಕಾಗದದ ಬೈಬಲ್ ಇಟ್ಟುಕೊಳ್ಳಿ. ಅಲಾರಮ್‌ಗೆ ಫೋನೇ ಬೇಕು ಅನ್ನುವವರು ಇನ್ನೂರು ಮುನ್ನೂರು ರೂಪಾಯಿ ಕೊಟ್ಟು ಒಂದು ಅಲಾರಮ್ ಗಡಿಯಾರ ತಗೊಳ್ಳಿ.

3. ಬಾಯಿ ತೆರೆದು ಓದಿ. ಸಣ್ಣ ದನಿಯಲ್ಲಿ, ನಿಧಾನವಾಗಿ, ಮೂರು ಸಲ. ಯಾವ ಮಾತು ನಿಮ್ಮನ್ನು ಹಿಡಿಯುತ್ತೋ ಅಲ್ಲಿ ನಿಲ್ಲಿ. ಯಾವುದೂ ಹಿಡಿಯದಿದ್ದರೆ ಮೊದಲ ವಚನದಲ್ಲೇ ಇರಿ.

4. ಅದನ್ನು ಪ್ರಾರ್ಥನೆಯಾಗಿ ತಿರುಗಿಸಿ. ದೇವರು ಕುರುಬನು ಅಂತ ಓದಿದರೆ, "ಕರ್ತನೇ, ಇವತ್ತು ಆ ಮೀಟಿಂಗಲ್ಲಿ ನೀನೇ ನನ್ನ ಕುರುಬನಾಗಿರು" ಅಂತ. ಮುಲ್ಲರ್ ಮಾಡಿದ್ದು ಇದೇ.

5. ಮಧ್ಯಾಹ್ನ ಒಂದು ಸಲ, ರಾತ್ರಿ ದೀಪ ಆರಿಸಿದ ಮೇಲೆ ಒಂದು ಸಲ, ಅದೇ ವಚನವನ್ನು ತುಟಿಗೆ ತನ್ನಿ. ಹಗಲಿರುಳು ಅನ್ನುವುದು ಹೀಗೇ ಶುರುವಾಗೋದು.

ಇನ್ನೊಂದು ಮಾತು. ಒಬ್ಬರೇ ಮಾಡಬೇಡಿ. ಇಬ್ಬರು ಸೇರಿ ಒಂದೇ ಕೀರ್ತನೆ ತಗೊಳ್ಳಿ. ಶನಿವಾರ ಒಂದು ಚಹಾ ಕುಡಿಯುತ್ತಾ, "ಈ ವಾರ ಎಷ್ಟು ದಿನ ಕೂತೆ, ಎಲ್ಲಿ ಒಣಗಿತು?" ಅಂತ ಒಬ್ಬರನ್ನೊಬ್ಬರು ಕೇಳಿ. ಎರಡು ದಿನ ತಪ್ಪಿದರೆ ಮೂರನೇ ದಿನ ಕೂತುಕೊಳ್ಳಿ. ತಪ್ಪಿದ್ದಕ್ಕೆ ದಂಡ ಕಟ್ಟೋಕೆ ಹೋಗಬೇಡಿ. ಕ್ರಿಸ್ತನು ಶಿಲುಬೆಯಲ್ಲಿ ಕಟ್ಟಿಬಿಟ್ಟಿದ್ದಾನೆ. ಧ್ಯಾನದಿಂದ ನಾವು ದೇವರ ಪ್ರೀತಿಯನ್ನು ಸಂಪಾದಿಸೋದಿಲ್ಲ. ಆಗಲೇ ಸಿಕ್ಕಿರುವ ಪ್ರೀತಿಯ ಹತ್ತಿರ ಬೇರು ಬಿಡ್ತೀವಿ.

ಈಗ ಎಲ್ಲರೂ ಎದ್ದು ನಿಲ್ಲಿ. ಕೀಬೋರ್ಡ್ ಬೇಡ ತಮ್ಮಾ, ಒಂದು ನಿಮಿಷ ಹಾಗೇ ಇರಲಿ. ಗುರುವಾರದ ಅನುಮಾನದಲ್ಲಿ ಬಂದು ನಿಂತಿರುವವರು ನಿಮ್ಮ ಕೈಯನ್ನು ಎದೆಯ ಮೇಲೆ ಇಡಿ. ನೀವು ಒಣಗಿರುವುದು ದೇವರಿಗೆ ಹೊಸ ಸುದ್ದಿ ಅಲ್ಲ. ಆತನು ನಿಮ್ಮನ್ನು ಬಿಟ್ಟು ಹೋಗಿಲ್ಲ.

ಪ್ರಾರ್ಥನೆ ಮಾಡೋಣ.

ಪರಲೋಕದ ತಂದೆಯೇ, ಈ ಸಾಯಂಕಾಲಕ್ಕಾಗಿ ನಿಮಗೆ ಸ್ತೋತ್ರ. ಬಹಳ ಕೇಳಿ, ಸ್ವಲ್ಪವೂ ಅಗಿಯದ ನಮ್ಮನ್ನು ಕನಿಕರಿಸಿ. ಮನಸ್ಸು ಓಡುವಾಗ ವಾಪಸ್ ಬರುವ ಕೃಪೆ ಕೊಡಿ. ಬೇಸರ ಬಂದಾಗ ಎದ್ದು ಹೋಗದ ಪಟ್ಟು ಕೊಡಿ. ಹಳೆಯ ನೋವು ಮೇಲೆ ಬಂದಾಗ ನಿಮ್ಮ ಕಡೆ ಮುಖ ತಿರುಗಿಸುವ ಧೈರ್ಯ ಕೊಡಿ, ಕೈ ಹಿಡಿಯುವ ಅಣ್ಣಂದಿರನ್ನು ಅಕ್ಕಂದಿರನ್ನು ಕೊಡಿ. ಬರಗಾಲದ ದಿನ ಬರುವ ಮೊದಲೇ ಈ ಮಕ್ಕಳ ಬೇರು ನೀರನ್ನು ಮುಟ್ಟಲಿ. ಪವಿತ್ರಾತ್ಮ ದೇವರೇ, ನಾಳೆ ಬೆಳಗ್ಗೆ ಆ ಹದಿನೈದು ನಿಮಿಷದಲ್ಲಿ ನೀವೇ ನಮ್ಮ ಜೊತೆ ಕೂತುಕೊಳ್ಳಿ. ನಮ್ಮ ಕರ್ತನೂ ರಕ್ಷಕನೂ ಆದ ಯೇಸು ಕ್ರಿಸ್ತನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.